ಒಸರು ಬತ್ತಿದ ಒಡ್ಡು

"ಒಸರು ಬತ್ತಿದ್ರೆ ನಂಬಬ್ಯಾಡ."

ಹಾಲಮ್ಮ ಗಂಡನಿಗೆ ಹೇಳಿದ ಕೊನೆಯ ಮಾತು ಇದು. ಆಮೇಲೆ ಅವಳು ಗೋಡೆಯ ಕಡೆ ಹೊರಳಿದಳು. ಯಾಕೆ ಅಂತ ಓಬಳ ಕೇಳುವಷ್ಟರಲ್ಲಿ ಉಸಿರು ಹೋಗಿತ್ತು.

ಇದು ಬಹಳ ಹಿಂದಿನ ಮಾತು. ಆಗ ಮೂಡಲಕೋಟೆ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಪ್ರಾಣಿಗಳು ಮಾತಾಡುತ್ತಿದ್ದವು, ಕೂತು ಕೇಳುವವರ ಹತ್ತಿರ. ಮಂತ್ರವಾದಿಗಳು ಬಂದು ಹೋಗುತ್ತಿದ್ದರು. ಪ್ರತಿ ಮಳೆಗಾಲ ಗುಡ್ಡದ ಮೇಲಿಂದ ಒಂದು ಕೆಂಪು ಹೋರಿ ಇಳಿಯುತ್ತಿತ್ತು. ಅದು ನೀರಿನ ಹೋರಿ. ಮೈ ನೀರು, ಕೊಂಬು ನೀರು, ಗೊರಸು ನೀರು. ಅದು ಓಡಿದ ದಾರಿಯಲ್ಲಿ ಹೊಲ, ಮನೆ, ಕೊಟ್ಟಿಗೆ ಏನೂ ಉಳಿಯುತ್ತಿರಲಿಲ್ಲ.

ಅದಕ್ಕೇ ಹಳೆಯ ಕಾಲದ ರಾಣಿಯೊಬ್ಬಳು ಗುಡ್ಡದ ಬಾಯಲ್ಲಿ ಮಣ್ಣಿನ ಒಡ್ಡು ಕಟ್ಟಿಸಿದ್ದಳು. ದೊಡ್ಡದೇನಲ್ಲ. ಈ ತುದಿಯಲ್ಲಿ ನಿಂತು ಕೂಗಿದರೆ ಆ ತುದಿಯವನು ಓಗೊಡಬಹುದು. ಹೋರಿ ಬಂದು ಒಡ್ಡಿಗೆ ಹಾಯುತ್ತಿತ್ತು. ಹಾಯ್ದು ಹಾಯ್ದು ಸುಸ್ತಾಗಿ ಅದರ ಹಿಂದೆ ಮಲಗುತ್ತಿತ್ತು. ಆಗ ನೀರಗಂಟಿ ಓಬಳ ಕೊಕ್ಕೆ ಹಾಕಿ ತೂಬಿನ ಬಿರಡೆ ಎತ್ತುತ್ತಿದ್ದ. ಹೋರಿ ತೂಬಿನೊಳಗೆ ನುಸುಳಿ, ಆಚೆ ಕಡೆ ಕರುವಾಗಿ ಹೊರಬರುತ್ತಿತ್ತು. ಕೆಳಗಿನ ತಗ್ಗಿನಹಳ್ಳಿಯ ಹೊಲಗಳ ನಡುವೆ ಕುಣಿದುಕೊಂಡು ಹೋಗುತ್ತಿತ್ತು.

ಕೊಕ್ಕೆ ಹಿಡಿಯುವುದು ಓಬಳನ ಕೆಲಸ. ಒಡ್ಡು ನೋಡುವುದು ಹಾಲಮ್ಮನ ಕೆಲಸ. ಒಡ್ಡಿನ ಬುಡದಲ್ಲಿ ಒಂದು ಕಲ್ಲಿನ ಕಿಂಡಿ ಇತ್ತು. ರಾಣಿಯೇ ಇಡಿಸಿದ್ದು. ಮಳೆಗಾಲದಲ್ಲಿ ಅದರಿಂದ ನೀರು ಒಸರುತ್ತಿತ್ತು, ಮಗುವಿನ ಜೊಲ್ಲಿನಷ್ಟು. ಹಾಲಮ್ಮ ಬೆಳಿಗ್ಗೆ ಎದ್ದು ಒಂದು ಬಿಳಿ ಬಟ್ಟೆ ಹಿಡಿದು ಅಲ್ಲಿ ಕೂರುತ್ತಿದ್ದಳು. ಒಸರನ್ನು ಬಟ್ಟೆಯಲ್ಲಿ ಸೋಸುತ್ತಿದ್ದಳು. ಬಟ್ಟೆಗೆ ಮಣ್ಣು ಹತ್ತದಿದ್ದರೆ ಎದ್ದು ನಿಲ್ಲುತ್ತಿದ್ದಳು. ಊರಬಾಗಿಲಲ್ಲಿ ತಳವಾರ ಗುಳ್ಳಪ್ಪ ಕಾಯುತ್ತಿದ್ದ.

"ಒಡ್ಡು ಹೆಂಗೈತೆ?" ಅಂತ ಅವನು ಕೂಗುತ್ತಿದ್ದ.

"ಇವತ್ತಿಗೆ ನಿಂತೈತೆ," ಅಂತ ಅವಳು ಕೂಗುತ್ತಿದ್ದಳು.

ಆ ಮಾತು ಕಿವಿಗೆ ಬಿದ್ದ ಮೇಲೇ ತಗ್ಗಿನಹಳ್ಳಿಯಲ್ಲಿ ಒಲೆ ಹಚ್ಚುತ್ತಿದ್ದರು. ಅವಳು ಒಂದು ದಿನವೂ ಗಟ್ಟಿ ಐತೆ ಅನ್ನಲಿಲ್ಲ. ಒಡ್ಡು ನೋಡುವವರ ಬಾಯಲ್ಲಿ ಆ ಮಾತು ಬರಬಾರದು ಅಂತ ಅವಳ ಅವ್ವ ಹೇಳಿಕೊಟ್ಟಿದ್ದಳು. ಪಕ್ಕದ ಮನೆಯ ನಿಂಗಮ್ಮಜ್ಜಿ ರೇಗಿಸುವಳು.

"ಒಂದು ದಿನಾನಾದ್ರೂ ಗಟ್ಟಿ ಅನ್ನೇ. ನಿನ್ನ ನಾಲಿಗೆ ಸವೀತೈತಾ?"

"ನಾಳೆಯದು ನಂಗೇನು ಗೊತ್ತಜ್ಜಿ?"

ಅವಳು ಹೋದ ಮೇಲೆ ಓಬಳನೇ ಬಟ್ಟೆ ಹಿಡಿದು ಕೂತ. ಬಟ್ಟೆ ಬಿಳಿಯಾಗೇ ಇತ್ತು. ಗುಳ್ಳಪ್ಪ ಕೂಗಿದ. ಓಬಳನಿಗೆ ಆ ಮಾತು ಬಾಯಿಗೆ ಬರಲಿಲ್ಲ. ಅದು ಅವಳ ಮಾತು. ಅವನು ಕೈ ಎತ್ತಿದ.

"ಕೈ ಎತ್ತಿದಾನೆ. ಹಚ್ರಿ ಒಲೆ," ಅಂದ ಗುಳ್ಳಪ್ಪ.

ಹಾಲಮ್ಮನ ತಿಥಿಯ ದಿನ ಊರಿಗೆ ಒಬ್ಬ ಬಂದ. ಹೆಗಲ ಮೇಲೆ ಹಸಿರು ಶಾಲು, ಸೊಂಟದಲ್ಲಿ ಸೋರೆಬುರುಡೆ. ಹೆಸರು ತೇಪೆಸಿದ್ದ, ಮಂತ್ರವಾದಿ. ಒಡೆದ ಮಡಕೆಗೆ ಅಂಗೈ ಇಟ್ಟರೆ ಮಡಕೆ ಸೋರುವುದು ನಿಲ್ಲುತ್ತಿತ್ತು. ಮಾಳಿಗೆಗೆ ಅಂಗೈ ಇಟ್ಟರೆ ಮಾಳಿಗೆ ಸೋರುವುದು ನಿಲ್ಲುತ್ತಿತ್ತು. ನಿಂತದ್ದೆಲ್ಲ ಎಲ್ಲಿಗೆ ಹೋಗುತ್ತೆ ಅಂತ ಯಾರೂ ಕೇಳಲಿಲ್ಲ. ಅದು ಅವನ ಬುರುಡೆಗೆ ಹೋಗುತ್ತಿತ್ತು.

ಓಬಳ ಜಗಲಿಯ ಮೇಲೆ ಕೂತು ಅಳುತ್ತಿದ್ದ. ತೇಪೆಸಿದ್ದ ಪಕ್ಕದಲ್ಲಿ ಕೂತ.

"ಓಬಳಣ್ಣ, ಎಷ್ಟು ಅಂತ ಅಳುತ್ತೀ?" ಅಂದ. ಓಬಳನ ಎದೆಯ ಮೇಲೆ ಅಂಗೈ ಇಟ್ಟ.

ಅಳು ನಿಂತಿತು. ಕಣ್ಣು ಒಣಗಿತು. ಓಬಳನಿಗೆ ಹಾಯೆನಿಸಿತು. ನಿಜ ಹೇಳಬೇಕೆಂದರೆ, ಅವನು ಕೈ ಮುಗಿದ. ಹಾಲಮ್ಮ ಹೋದ ಮೇಲೆ ಅವತ್ತು ಮೊದಲ ಸಲ ಎರಡು ತುತ್ತು ಹೆಚ್ಚು ಉಂಡ.

ಮಾರನೆಯ ದಿನ ಕಿಂಡಿಯ ಹತ್ತಿರ ಜನ ಸೇರಿದ್ದರು. ರಾಜನೂ ಬಂದಿದ್ದ. ಎಳೆಯ ರಾಜ, ಒಳ್ಳೆಯವನೇ, ಆದರೆ ಯಾವುದಕ್ಕೂ ಕಾಯಲಾರ.

"ಮಹಾಪ್ರಭು, ಒಡ್ಡು ಸೋರುತ್ತಿದೆ. ನಿಲ್ಲಿಸಲೇ?" ಅಂದ ತೇಪೆಸಿದ್ದ.

"ನಿಲ್ಲಿಸಪ್ಪ. ಸೋರುವುದು ಯಾರಿಗೆ ಬೇಕು?"

ತೇಪೆಸಿದ್ದ ಕಿಂಡಿಗೆ ಅಂಗೈ ಒತ್ತಿದ. ಕೈ ತೆಗೆದಾಗ ಕಿಂಡಿಯ ಬಾಯಿಗೆ ತೆಳ್ಳಗಿನ ಚರ್ಮ ಬಿಗಿದಿತ್ತು. ಅದರ ಮೇಲೆ ಅಂಗೈಯ ಗೆರೆಗಳಿದ್ದವು. ಒಸರು ಬತ್ತಿತು. ಬುಡದ ಹಸಿ ಮಣ್ಣು ನೋಡನೋಡುತ್ತಲೇ ಒಣಗಿತು.

"ಇನ್ನು ಒಡ್ಡು ಗಟ್ಟಿ. ನೂರು ಮಳೆಗಾಲಕ್ಕೂ ಗಟ್ಟಿ," ಅಂದ ತೇಪೆಸಿದ್ದ.

ಜನ ಜೈ ಅಂದರು. ಓಬಳ ಮುಂದೆ ಬಂದ.

"ಬುದ್ಧಿ, ಹಾಲಮ್ಮ ಒಂದು ಮಾತು ಹೇಳಿದ್ಲು. ಒಸರು ಬತ್ತಿದ್ರೆ ನಂಬಬ್ಯಾಡ ಅಂದಿದ್ಲು."

"ಯಾಕಂತೆ?" ಅಂದ ರಾಜ.

ಓಬಳ ತುಂಬ ಹೊತ್ತು ಯೋಚಿಸಿದ. "ಗೊತ್ತಿಲ್ಲ ಬುದ್ಧಿ," ಅಂದ.

ಜನ ನಕ್ಕರು. ತೇಪೆಸಿದ್ದ ನಗಲಿಲ್ಲ. ಅವನು ಓಬಳನನ್ನೇ ನೋಡುತ್ತಿದ್ದ. ಒಬ್ಬ ಮನುಷ್ಯ ಅಷ್ಟು ಹೊತ್ತು ಕಣ್ಣು ಮಿಟುಕಿಸದೆ ನೋಡಬಾರದು ಅಂತ ಓಬಳನಿಗೆ ಅನಿಸಿತು.

"ಒಡ್ಡು ಗಟ್ಟಿಯಾದ ಮೇಲೆ ನೀರು ಯಾಕೆ ಬಿಡಬೇಕು?" ಅಂತ ಮಂತ್ರವಾದಿ ರಾಜನ ಕಿವಿಯಲ್ಲಿ ಹೇಳಿದ. "ತೂಬು ಮುಚ್ಚಿಸಿ. ನೀರು ತುಂಬಲಿ. ತೆಪ್ಪ ಕಟ್ಟಿಸಿ, ವಿಹಾರ ಮಾಡಿ."

ರಾಜನಿಗೆ ತೆಪ್ಪ ಅಂದರೆ ಆಸೆ. ಓಬಳನ ಕೈಯಿಂದ ಕೊಕ್ಕೆ ಇಸಿದುಕೊಂಡ. ಮಾರನೆಯ ಬೆಳಿಗ್ಗೆಯಿಂದ ಗುಳ್ಳಪ್ಪ ಕೂಗುವುದನ್ನು ಬಿಟ್ಟ. ಊರವರು ಎದ್ದ ಕೂಡಲೇ ಒಲೆ ಹಚ್ಚಿದರು.

ಆ ವರ್ಷದ ಹೋರಿ ಇನ್ನೂ ಇಳಿದಿರಲಿಲ್ಲ, ಬರೀ ಮಳೆಗೇ ಒಡ್ಡಿನ ಹಿಂದೆ ನೀರು ಏರತೊಡಗಿತು.

ಓಬಳ ಯಾರನ್ನೂ ನಂಬಲಿಲ್ಲ. ಶಾಲಿನವನನ್ನು ನಂಬಲಿಲ್ಲ. ಒಣಗಿದ ಬುಡವನ್ನು ನಂಬಲಿಲ್ಲ. ಯಾಕೆ ನಂಬಬಾರದು ಅಂತ ಗೊತ್ತಿರಲಿಲ್ಲ, ಅದೇ ಅವನ ಸಂಕಟ. ಹಾಲಮ್ಮ ಇನ್ನೊಂದು ಮಾತು ಹೇಳಿ ಹೋಗಿದ್ದರೆ ಆಗುತ್ತಿತ್ತು. ದಿನವಿಡೀ ಒಡ್ಡಿನ ಸುತ್ತ ತಿರುಗಿದ. ಬಗ್ಗಿ ಮಣ್ಣು ಮೂಸಿದ. ಊರವರು ಅವನನ್ನೇ ನಂಬಲಿಲ್ಲ.

"ಹೆಂಡ್ತಿ ಸತ್ತೋನು. ನಾವು ಸುಖವಾಗಿರೋದು ಅವನಿಗೆ ಆಗಲ್ಲ," ಅಂದಳು ನಿಂಗಮ್ಮಜ್ಜಿ. "ಒಡ್ಡಿಗೆ ಏನಾದ್ರೂ ಮಾಡ್ಯಾನು. ಗುಳ್ಳಪ್ಪ, ಒಂದು ಕಣ್ಣಿಟ್ಟಿರು."

ಗುಳ್ಳಪ್ಪ ಓಬಳನ ಹಿಂದೆ ಹಿಂದೆ ನಡೆದ. ಓಬಳ ನಿಂತರೆ ಅವನೂ ನಿಂತ. ಓಬಳ ತಿರುಗಿದರೆ ಅವನು ಆಕಾಶ ನೋಡಿದ.

ಒಡ್ಡಿನಲ್ಲಿ ಮೂರು ಥರದ ಬಿಲಗಳಿದ್ದವು. ಬುಡದಲ್ಲಿ ಏಡಿಯದು. ನಡುವೆ ಮುಳ್ಳುಹಂದಿಯದು. ಮೇಲೆ ಗೆದ್ದಲ ಹುತ್ತ. ಕೇಡು ಆಗುವುದಾದರೆ ಇವರಲ್ಲೇ ಯಾರಾದರೂ ಮಾಡಬೇಕು ಅಂದುಕೊಂಡ ಓಬಳ. ಮೊದಲು ಏಡಿಯ ಬಿಲಕ್ಕೆ ಹೋದ. ಬಿಲ ಖಾಲಿ ಇತ್ತು. ಏಡಿ ಇನ್ನೂ ಮೇಲೆ, ಹೊಸ ಬಿಲ ಕೊರೆದು ಕೂತಿತ್ತು.

"ಏಡಿ, ಒಡ್ಡಿನ ಮಣ್ಣು ಕದೀತಿರೋನು ನೀನೇನಾ?"

"ಹಾಗೆ ಕೇಳಿದರೆ ಹೇಳೋದಿಲ್ಲ. ನಿನ್ನ ಬೆರಳು ನನ್ನ ಕೊಂಡಿಯಲ್ಲಿಡು. ನಾನು ಮಾತು ಮುಗಿಸುವವರೆಗೂ ಎಳೀಬಾರದು."

ಓಬಳ ಬೆರಳಿಟ್ಟ. ಏಡಿ ಕಚ್ಚಿ ಹಿಡಿದು ನಿಧಾನವಾಗಿ ಮಾತಾಡಿತು.

"ನಾನು ಕದ್ದಿಲ್ಲ ನೀರಗಂಟಿ. ಬುಡದ ಮನೆ ಬೆಚ್ಚಗಿತ್ತು. ಈಗ ಒಳಗಿನಿಂದ ನೀರು ತಳ್ಳುತ್ತಿದೆ. ಅದಕ್ಕೆ ಮೇಲೆ ಬಂದೆ. ಇನ್ನೊಂದು ಮಾತು. ನೀರು ಮಣ್ಣು ಕಚ್ಚಿಕೊಂಡು ಹೊರಟರೆ ಅದರ ಬಾಯಿ ಮುಚ್ಚಬೇಡ. ಬಾಯಿಗೆ ಮರಳು ಸುರಿ, ಅದರ ಮೇಲೆ ಸಣ್ಣ ಹರಳು, ಅದರ ಮೇಲೆ ದೊಡ್ಡ ಕಲ್ಲು. ನೀರು ಹೋಗಲಿ, ಮಣ್ಣು ಉಳಿಯಲಿ. ನನಗೆ ಅನುಮಾನ ಮುಳ್ಳುಹಂದಿ ಮೇಲೆ."

ಬೆರಳಲ್ಲಿ ರಕ್ತ ಬಂತು. ಓಬಳ ಎಳೆಯಲಿಲ್ಲ. ಆಮೇಲೆ ಮುಳ್ಳುಹಂದಿಯ ಹತ್ತಿರ ಹೋದ. ಅದೂ ಹಳೆಯ ಬಿಲ ಬಿಟ್ಟು ಮೇಲೆ ಹೋಗಿತ್ತು.

"ಮುಳ್ಳುಹಂದಿ, ಮಣ್ಣು ಕದೀತಿರೋನು ನೀನೇನಾ?"

"ನನ್ನ ದನಿ ಸಣ್ಣದು. ಕೇಳಬೇಕಾದರೆ ನನ್ನ ಬೆನ್ನಿಗೆ ಕಿವಿ ಇಡು."

ಓಬಳ ಮುಳ್ಳುಗಳ ನಡುವೆ ಕಿವಿ ಇಟ್ಟ. ಕೆನ್ನೆಗೆ ಚುಚ್ಚಿತು. ಸುಮ್ಮನಿದ್ದ.

"ನಾನಲ್ಲ," ಅಂದಿತು ಅದು. "ನನ್ನ ಮನೆಯ ಗೋಡೆ ಅಂಬಲಿ ಆಗಿದೆ. ರಾತ್ರಿ ಮಲಗಿದರೆ ಮೈಗೆ ಕೆಸರು. ಬಂದು ಕೇಳಿದವನು ನೀನೊಬ್ಬನೇ. ಈ ಮುಳ್ಳು ಇಟ್ಟುಕೋ. ಇದು ಚುಚ್ಚದ ಚರ್ಮ ಇಲ್ಲ. ನನಗೆ ಗೆದ್ದಲ ಮೇಲೆ ಅನುಮಾನ."

ಓಬಳ ಮುಳ್ಳನ್ನು ರುಮಾಲಿಗೆ ಸಿಕ್ಕಿಸಿಕೊಂಡು ಹುತ್ತಕ್ಕೆ ಹೋದ. ಗೆದ್ದಲ ರಾಣಿ ಒಳಗಿನಿಂದಲೇ ಮಾತಾಡಿದಳು.

"ನಿನಗೆ ಪ್ರಿಯವಾದದ್ದು ಒಂದು ಕೊಡು. ತಿಂದು ಮಾತಾಡುತ್ತೇನೆ."

ಓಬಳನ ಸೊಂಟದಲ್ಲಿ ಹಾಲಮ್ಮನ ಮರದ ಬಾಚಣಿಗೆ ಇತ್ತು. ಅದರಲ್ಲಿ ಅವಳ ಕೂದಲೆಳೆ ಸಿಕ್ಕಿಕೊಂಡಿತ್ತು. ಕೂದಲೆಳೆ ಬಿಡಿಸಿ ಇಟ್ಟುಕೊಂಡ. ಬಾಚಣಿಗೆ ಕೊಟ್ಟ. ಗೆದ್ದಲು ಅದನ್ನು ತಿನ್ನುವ ಸದ್ದು ಕೇಳುತ್ತ ಕೂತ.

ಅಷ್ಟು ದೂರದಲ್ಲಿ ಗುಳ್ಳಪ್ಪ ತಲೆ ಚಚ್ಚಿಕೊಂಡ. "ಹುತ್ತಕ್ಕೆ ಬಾಚಣಿಗೆ ಕೊಡ್ತಾನಲ್ಲಪ್ಪ ಇವನು."

"ರುಚಿಯಾಗಿತ್ತು," ಅಂದಳು ರಾಣಿ. "ನಾವೂ ಅಲ್ಲ ನೀರಗಂಟಿ. ನಮ್ಮ ಕೆಳಗಿನ ಕೋಣೆಗಳಿಗೆ ನೀರು ಬಂದಿದೆ. ಮಕ್ಕಳನ್ನು ಹೊತ್ತು ದಿನಾ ಮೇಲೆ ಮೇಲೆ ಹೋಗುತ್ತಿದ್ದೇವೆ. ಇನ್ನು ಮೇಲೆ ಹೋಗಲು ಒಡ್ಡೇ ಇಲ್ಲ."

ಓಬಳ ಒಡ್ಡಿನ ಮೇಲೆ ಕೂತ. ನಿಧಾನವಾಗಿ ಯೋಚಿಸುವುದು ಅವನ ಅಭ್ಯಾಸ. ಏಡಿ ಮೇಲೆ ಬಂತು. ಮುಳ್ಳುಹಂದಿ ಮೇಲೆ ಬಂತು. ಗೆದ್ದಲು ಮೇಲೆ ಬಂತು. ಹೊರಗೆ ಬುಡ ಒಣಗಿದೆ. ಹಾಗಾದರೆ ಹೋಗಬೇಕಾದ ನೀರು ಒಳಗೇ ಏರುತ್ತಿದೆ.

ಅವನ ಕೈ ತಾನಾಗಿ ಎದೆಗೆ ಹೋಯಿತು. ತೇಪೆಸಿದ್ದ ಮುಟ್ಟಿದ ದಿನದಿಂದ ಒಂದು ಹನಿ ಕಣ್ಣೀರು ಬಂದಿರಲಿಲ್ಲ. ಎದೆ ಮಾತ್ರ ದಿನೇ ದಿನೇ ಭಾರವಾಗಿತ್ತು. ಮೊದಲು ಹೊಟ್ಟೆಯ ಹತ್ತಿರ ಇದ್ದ ಭಾರ ಈಗ ಗಂಟಲಿನ ತನಕ ಬಂದಿತ್ತು. ಊಟ ಸೇರುತ್ತಿರಲಿಲ್ಲ, ಮಾತು ಹೊರಡುತ್ತಿರಲಿಲ್ಲ. ಇನ್ನು ಸ್ವಲ್ಪ ದಿನಕ್ಕೆ ಒಡೆಯುತ್ತೇನೆ ಅಂತ ಅವನಿಗೆ ಅನಿಸುತ್ತಿತ್ತು.

ಹಾಲಮ್ಮ ಯಾಕೆ ಹಾಗೆ ಹೇಳಿದಳು ಅಂತ ಆಗ ತಿಳಿಯಿತು.

ಎದ್ದು ರಾಜನ ಹತ್ತಿರ ಹೋದ. ರಾಜ ನೀರಿನ ಮೇಲೆ, ಕೊಕ್ಕೆ ಹಿಡಿದುಕೊಂಡು ತೆಪ್ಪದಲ್ಲಿದ್ದ. ಓಬಳ ದಡದಿಂದ ಕೂಗಿದ. "ಬುದ್ಧಿ, ತೂಬು ಬಿಡಿಸಿ. ಒಡ್ಡು ಒಳಗೊಳಗೇ ನೆನೆದೈತೆ."

"ಯಾರು ಹೇಳಿದರು?"

"ಏಡಿ ಹೇಳ್ತು. ಮುಳ್ಳುಹಂದಿ ಹೇಳ್ತು. ಗೆದ್ದಲೂ ಹೇಳ್ತು."

ತೆಪ್ಪದವರು ಹೊಟ್ಟೆ ಹಿಡಿದು ನಕ್ಕರು. ರಾಜನ ಪಕ್ಕದಲ್ಲಿ ಕೂತ ತೇಪೆಸಿದ್ದ ತಣ್ಣಗೆ ಹೇಳಿದ. "ಪಾಪ, ಬಿಲ ಬಿಲಕ್ಕೂ ಕೈ ಹಾಕುತ್ತಾನಂತೆ. ತಳವಾರನೇ ನೋಡಿದ್ದಾನೆ. ಒಡ್ಡು ತೋಡುತ್ತಿರುವವನು ಇವನೇ ಇರಬಹುದು ಮಹಾಪ್ರಭು."

ರಾಜನ ಮುಖ ಬಿಗಿಯಿತು. "ಓಬಳ, ಇನ್ನು ಒಡ್ಡು ಮುಟ್ಟಿದರೆ ಕಟ್ಟಿಹಾಕಿಸುತ್ತೇನೆ. ಗುಳ್ಳಪ್ಪ, ನೋಡಿಕೋ ಇವನನ್ನು."

ಆಗಲೇ ಗುಡ್ಡದ ಮೇಲೆ ಗುಡುಗಿತು. ಮೋಡದೊಳಗೆ ಏನೋ ನೆಲ ಕೆರೆಯಿತು. ಕೆಂಪು ಹೋರಿ ಇಳಿಯತೊಡಗಿತ್ತು. ತೇಪೆಸಿದ್ದ ತಲೆ ಎತ್ತಿ ಅದರ ಕಡೆ ನೋಡಿ ನಕ್ಕ. ಅವನು ನಕ್ಕದ್ದನ್ನು ಅವತ್ತಿನವರೆಗೆ ಯಾರೂ ನೋಡಿರಲಿಲ್ಲ.

ಓಬಳ ಒಡ್ಡಿನ ಬುಡಕ್ಕೆ ಓಡಿದ. ಗುಳ್ಳಪ್ಪ ಹಿಂದೆಯೇ ಓಡಿದ. "ನಿಲ್ಲೋ ಓಬಳ. ನಿನ್ನ ಕಟ್ಟೋದು ನಂಗೂ ಚಂದ ಅಲ್ಲ. ನಿಲ್ಲಪ್ಪ."

ಕಿಂಡಿಯ ಮುಂದೆ ಹಾಲಮ್ಮ ನಿಂತಿದ್ದಳು.

ಅದೇ ಸೀರೆ. ಅದೇ ಹಣೆ. ಕೈಯಲ್ಲಿ ಬಿಳಿ ಬಟ್ಟೆ. ಗುಳ್ಳಪ್ಪ ಅವಳನ್ನು ನೋಡಿ ಅಲ್ಲೇ ಕುಸಿದು ಕೂತ.

"ಬಂದೆಯಾ?" ಅಂದಳು. "ಎಷ್ಟು ಸೊರಗಿದೀಯ. ನಡಿ ಮನೆಗೆ ಹೋಗಾಣ. ರೊಟ್ಟಿ ಮಾಡ್ತೀನಿ."

ಮನೆಗೆ ಹೋಗುವುದು ಬಿಟ್ಟು ಓಬಳನಿಗೆ ಬೇರೇನೂ ಬೇಕಿರಲಿಲ್ಲ. ಅವಳ ಬೆನ್ನ ಹಿಂದೆ, ಒಡ್ಡಿನ ಆಚೆ, ಹೋರಿ ಮೊದಲ ಸಲ ಹಾಯಿತು. ಒಡ್ಡು ಅದುರಿತು. ಹಾಲಮ್ಮ ಕೈ ಚಾಚಿದಳು. ಓಬಳನೂ ಕೈ ಚಾಚಿದ. ಮುಟ್ಟುವ ಮುಂಚೆ ನಿಂತ. ಗುಳ್ಳಪ್ಪ ದಿನಾ ಕೇಳುತ್ತಿದ್ದ ಮಾತನ್ನು ತಾನು ಕೇಳಿದ.

"ಹಾಲಮ್ಮ, ಒಡ್ಡು ಹೆಂಗೈತೆ?"

ಅವಳು ನಕ್ಕಳು. "ಗಟ್ಟಿ ಐತೆ. ನೂರು ಮಳೆಗಾಲಕ್ಕೂ ಗಟ್ಟಿ ಐತೆ. ನೀನು ಬಾ."

ಓಬಳ ಅವಳ ಮುಖವನ್ನು ಇನ್ನೊಂದು ಸಲ ನೋಡಿದ. ಆ ಮುಖ ಮತ್ತೆ ಸಿಗುವುದಿಲ್ಲ ಅಂತ ಗೊತ್ತಿತ್ತು.

"ನೀನು ಅವಳಲ್ಲ," ಅಂದ. ರುಮಾಲಿನಿಂದ ಮುಳ್ಳು ತೆಗೆದು ಅವಳ ಪಕ್ಕದಿಂದ ಬಗ್ಗಿ ಕಿಂಡಿಗೆ ಚುಚ್ಚಿದ.

ಚರ್ಮ ಹಪ್ಪಳದ ಹಾಗೆ ಒಡೆಯಿತು. ನೀರು ಚಿಮ್ಮಿತು. ಹಾಲಮ್ಮನ ರೂಪ ಹಸಿರು ಶಾಲಿನ ಬಣ್ಣಕ್ಕೆ ತಿರುಗಿ ಕರಗಿತು. ಅದೇ ಗಳಿಗೆ ಓಬಳನ ಎದೆಯಲ್ಲೂ ಏನೋ ಹರಿಯಿತು. ಕಣ್ಣಲ್ಲಿ ನೀರು ದಳದಳ ಇಳಿಯಿತು. ಒರೆಸಿಕೊಳ್ಳಲು ಪುರುಸೊತ್ತಿರಲಿಲ್ಲ. ಅಳುತ್ತಲೇ ತನ್ನ ಸೊಂಟದಲ್ಲಿದ್ದ ಬಿಳಿ ಬಟ್ಟೆ ತೆಗೆದು ನೀರಿಗೆ ಹಿಡಿದ.

ಬಟ್ಟೆ ಕೆಂಪಾಯಿತು. ನೀರು ಮಣ್ಣು ಕಚ್ಚಿಕೊಂಡು ಬರುತ್ತಿತ್ತು.

ಗುಳ್ಳಪ್ಪ ಆ ಬಟ್ಟೆ ನೋಡಿದ. ಅವನು ಹುಟ್ಟಿದಂದಿನಿಂದ ಅದನ್ನು ಬಿಳಿಯಾಗಿಯೇ ನೋಡಿದ್ದ. ಬೇರೆ ಏನೂ ಕೇಳಲಿಲ್ಲ. "ಏನು ಬೇಕು ಹೇಳು," ಅಂದ.

"ಮರಳು. ಆಮೇಲೆ ಹರಳು. ಆಮೇಲೆ ಕಲ್ಲು."

ಗುಳ್ಳಪ್ಪ ಎದ್ದು ನಿಂತು ಊರ ಕಡೆ ತಿರುಗಿ ಕೂಗಿದ. ಬೇರೆ ಏನಿಲ್ಲದಿದ್ದರೂ ಅವನಿಗೆ ಗಂಟಲಿತ್ತು. "ಮರಳು ತರ್ರೋ. ಇದ್ದಬದ್ದ ಪುಟ್ಟಿ ಎಲ್ಲ ತರ್ರೋ. ಒಡ್ಡು ಹೋಗ್ತೈತೆ."

ಜನ ಪುಟ್ಟಿ ಹೊತ್ತು ಓಡಿ ಬಂದರು. ಎಲ್ಲರಿಗಿಂತ ಮುಂದೆ ನಿಂಗಮ್ಮಜ್ಜಿ, ಸೆರಗಿನ ತುಂಬ ಮರಳು. "ಅನುಮಾನ ಆಮೇಲೆ ಮಾಡ್ತೀನಿ, ಹಿಡಿ ಮೊದ್ಲು," ಅಂದಳು. ಓಬಳ ಕಿಂಡಿಗೆ ಮರಳು ಸುರಿದ, ಅದರ ಮೇಲೆ ಹರಳು ಸುರಿದ, ಅದರ ಮೇಲೆ ಕಲ್ಲು ಪೇರಿಸಿದ. ಒಡ್ಡಿನ ಆಚೆ ಹೋರಿ ಎರಡನೇ ಸಲ ಹಾಯಿತು. ತೆಪ್ಪ ಮಗುಚಿತು. ಒಡ್ಡು ಬಿರಿದೇ ಹೋಯಿತು ಅಂದುಕೊಂಡರು. ಬಿರಿಯಲಿಲ್ಲ. ಹೋರಿ ಮೂರನೇ ಸಲ ಹಾಯಿತು. ಓಬಳ ಬಟ್ಟೆಯ ಇನ್ನೊಂದು ಮಗ್ಗುಲು ಹಿಡಿದ. ನೀರು ಜೋರಾಗಿಯೇ ಬರುತ್ತಿತ್ತು, ಆದರೆ ತಿಳಿಯಾಗಿ ಬರುತ್ತಿತ್ತು.

ರಾಜ ಒದ್ದೆಮುದ್ದೆಯಾಗಿ ಒಡ್ಡು ಹತ್ತಿ ಬಂದ. ಕಿರೀಟ ಹೋಗಿತ್ತು. ಕೊಕ್ಕೆ ಕೈಯಲ್ಲಿತ್ತು. ಅದನ್ನು ಓಬಳನಿಗೆ ಕೊಟ್ಟ.

ತೂಬಿನ ಮೇಲೆ ತೇಪೆಸಿದ್ದ ಕಾಲೂರಿ ನಿಂತಿದ್ದ.

"ಅದು ನನ್ನ ಹೋರಿ," ಅಂದ. "ಈ ಹಾಳು ಒಡ್ಡು ಪ್ರತಿ ಸಲ ಅದನ್ನು ಕರು ಮಾಡಿ ಕಳಿಸುತ್ತದೆ. ಇಡೀ ಹೋರಿಯ ಮೇಲೆ ಕೂತು ಈ ಸೀಮೆ ತುಳಿಯಬೇಕು ಅಂತ ಎಷ್ಟು ಕಾಲದಿಂದ ಕಾದಿದ್ದೇನೆ."

"ಸರಿ, ಈಗ ಸ್ವಲ್ಪ ಸರಿ," ಅಂದ ಓಬಳ. ಕೊಕ್ಕೆ ಬೀಸಿದ. ಅದು ಸೋರೆಬುರುಡೆಗೆ ತಗುಲಿತು.

ಬುರುಡೆ ಒಡೆಯಿತು. ಅವನು ತಡೆದದ್ದೆಲ್ಲ ಹೊರಗೆ ಬಂತು. ಊರೂರಿನ ಮಡಕೆಯ ನೀರು, ಮಾಳಿಗೆಯ ಮಳೆ, ಜನರ ಕಣ್ಣೀರು. ಆಮೇಲೆ ಅವನೇ ಸೋರತೊಡಗಿದ. ತನ್ನ ಮೈಗೆ ತಾನೇ ಅಂಗೈ ಒತ್ತಿದ, ಅಲ್ಲಿ ಒತ್ತಿದರೆ ಇಲ್ಲಿ, ಇಲ್ಲಿ ಒತ್ತಿದರೆ ಅಲ್ಲಿ. ಕೊನೆಗೆ ಶಾಲು ಮಾತ್ರ ಉಳಿಯಿತು. ಅದನ್ನು ನಿಂಗಮ್ಮಜ್ಜಿ ಒಲೆಯ ಮಸಿಬಟ್ಟೆ ಮಾಡಿಕೊಂಡಳು.

ಓಬಳ ಬಿರಡೆ ಎತ್ತಿದ. ಹೋರಿ ತಲೆ ತಗ್ಗಿಸಿ ತೂಬಿಗೆ ನುಗ್ಗಿತು. ಆಚೆ ಕಡೆ ಕೆಂಪು ಕರು ಹೊರಬಂತು. ನಿಂತು ಕಿವಿ ಬಡಿಯಿತು. ಹೊಲಗಳ ನಡುವೆ ಓಡಿತು.

ರಾಜ ಮತ್ತೆ ತೆಪ್ಪದ ಮಾತೆತ್ತಲಿಲ್ಲ. ಏಡಿ, ಮುಳ್ಳುಹಂದಿ, ಗೆದ್ದಲು ಮೂವರೂ ಗುಡ್ಡದ ಆಚೆ ಜಾಗ ನೋಡಿಕೊಂಡರು. ಅವರು ಬಿಟ್ಟ ಬಿಲಗಳಿಗೆ ಊರವರು ಜೇಡಿಮಣ್ಣು ತುಂಬಿ, ಗುದ್ದಿ ಗುದ್ದಿ ದಮ್ಮಸ್ಸು ಮಾಡಿದರು. ತಗ್ಗಿನಹಳ್ಳಿಯವರು ಆ ಸಂಜೆ ಹೊಟ್ಟೆ ತುಂಬ ಉಂಡರು. ಮುಂದೆಯೂ ಹಾಗೇ ಉಂಡುಕೊಂಡು, ಜಗಳ ಆಡಿಕೊಂಡು, ಸುಖವಾಗಿ ಬಾಳಿದರು.

ಆದರೆ ಅದೆಲ್ಲ ಆಮೇಲಿನದು. ಮಾರನೆಯ ಬೆಳಿಗ್ಗೆ ಓಬಳ ಎದ್ದ. ಬಿಳಿ ಬಟ್ಟೆಯ ಕೆಂಪು ಪೂರ್ತಿ ಹೋಗಿರಲಿಲ್ಲ, ಒಂದು ಮೂಲೆಯಲ್ಲಿ ಉಳಿದಿತ್ತು. ಆ ಮೂಲೆ ಮಡಚಿ ಹಿಡಿದುಕೊಂಡು ಕಿಂಡಿಯ ಹತ್ತಿರ ಹೋದ. ಹಾಲಮ್ಮ ಕೂತು ಕೂತು ನುಣುಪಾದ ಕಲ್ಲೊಂದಿತ್ತು. ಅದರ ಮೇಲೆ ಕೂತ. ಒಸರು ಮಗುವಿನ ಜೊಲ್ಲಿನಷ್ಟೇ ಬರುತ್ತಿತ್ತು. ಸೋಸಿದ. ನೋಡಿದ. ಇನ್ನೊಂದು ಸಲ ಸೋಸಿ, ಇನ್ನೊಂದು ಸಲ ನೋಡಿದ. ಎದ್ದು ನಿಂತ.

ಊರಬಾಗಿಲಲ್ಲಿ ಗುಳ್ಳಪ್ಪ ಕಾಯುತ್ತಿದ್ದ. ನಿನ್ನೆ ಕೂಗಿ ಅವನ ಗಂಟಲು ಕಟ್ಟಿತ್ತು.

"ಒಡ್ಡು ಹೆಂಗೈತೆ?"

ಓಬಳನ ಕೈ ಅರ್ಧ ಮೇಲೆದ್ದಿತು. ಕೈ ಇಳಿಸಿದ.

"ಇವತ್ತಿಗೆ ನಿಂತೈತೆ," ಅಂತ ಕೂಗಿದ.

ಕೆಳಗೆ ನಿಂಗಮ್ಮಜ್ಜಿಯ ಮನೆಯಿಂದ ಮೊದಲು ಹೊಗೆ ಎದ್ದಿತು. ಆಮೇಲೆ ಉಳಿದ ಮನೆಗಳಿಂದ. ಓಬಳ ಬಟ್ಟೆ ಹಿಂಡಿ ಬೇಲಿಯ ಮೇಲೆ ಒಣಹಾಕಿದ. ನಾಳೆಗೆ ಬೇಕಲ್ಲ.